ಎರಡು ಬೆರಳು ಜಾಗ

ಪೈಪು ಕೊಯ್ಯುವ ಮೊದಲು ತಂತಿ ತೊಗೊ,
ಎಂದ ಹಬ್ತೋಮ್.
ತಂತಿ ತಪ್ಪಿದರೆ ನೆಟ್ಟಗೆ ಮಾಡಬಹುದು,
ತಾಮ್ರ, ಒಮ್ಮೆ ಮಡಚಿದ್ದನ್ನು ಮರೆಯುವುದಿಲ್ಲ.

ಹಾಗಾಗಿ ಈ ಬೆಳಗು
ಐವತ್ತೆಂಟನೇ ಇಸವಿಯ ಫಿಯೆಟ್ಟಿನ ಹೊಟ್ಟೆಯಡಿ
ರಟ್ಟು ಹಾಸಿ ಅಂಗಾತ ಮಲಗಿ
ತಂತಿಯಲ್ಲಿ ದಾರಿ ಬರೆಯುತ್ತಿದ್ದೇನೆ:
ಹಿಂದಿನ ಟ್ಯಾಂಕಿನಿಂದ ಹೊರಟು
ಆಕ್ಸಲ್ಲು ಕುಣಿಯುವ ಜಾಗ ಬಿಟ್ಟು
ಬಲಗಡೆ ತೊಲೆಯ ಒಳಮೈಗೆ ಆತುಕೊಂಡು
ತಗಡಿನ ತೂತಿನಲ್ಲಿ ನುಸುಳಿ
ಎಂಜಿನ್ನಿನ ಪಕ್ಕದ ಪಂಪಿನ ತನಕ.
ಎರಡು ಮಾರು, ಮೇಲೊಂದು ಮೊಳ.

ಅಸ್ಮರಾದಲ್ಲಿ ಪೆಟ್ರೋಲಿಲ್ಲ.
ಚೀಟಿ ನಮ್ಮ ಕೈಯಲ್ಲಿದೆ,
ಬಂಕಿನ ಬಾಯಿಗೆ ಸರಪಳಿ ಇದೆ.
ಬರುವುದು ಯಾವಾಗಲೋ,
ದಾರಿಯಂತೂ ಗುಡಿಸಿರಬೇಕು.

ತಾಮ್ರ ಮೆದೆಬರ್ ಗುಜರಿಯದು.
ಯಾವುದೋ ಹೋಟೆಲಿನ ಸತ್ತ ಏಸಿಯಿಂದ ಬಿಚ್ಚಿದ್ದು,
ಇಷ್ಟು ದಿನ ತಂಪು ಹೊತ್ತದ್ದು
ಇನ್ನು ಉರಿ ಹೊರಲಿ.
ತೂತಿನ ಅಂಚಿಗೆ ಸೈಕಲ್ ಟ್ಯೂಬಿನ ರಬ್ಬರು
(ಅದಕ್ಕೆ ಈ ಊರಲ್ಲಿ ಬರವಿಲ್ಲ).
ಬಗ್ಗಿಸುವಲ್ಲಿ ಪೈಪಿಗೆ ಮರಳು ತುಂಬಿಸುತ್ತೇನೆ,
ಇಲ್ಲದಿದ್ದರೆ ತಿರುವಿನಲ್ಲಿ ಅದರ ಗಂಟಲು ಕಟ್ಟುತ್ತದೆ.

ಹಳೆಯ ಪೈಪನ್ನು ನಿನ್ನೆ ಇಳಿಸಿದಾಗ
ಅದರ ಮೈಗೆ ಕಚ್ಚಿಕೊಂಡಿದ್ದವು
ಮರದ ಬಟ್ಟೆ ಕ್ಲಿಪ್ಪುಗಳು. ಹನ್ನೊಂದು.
ಒಣಗಿದ ಬಟ್ಟೆಗಳನ್ನಷ್ಟೇ ಯಾರೋ
ಎತ್ತಿಕೊಂಡು ಒಳಗೆ ಹೋದ ಹಾಗೆ.

ನಾನೇ ಹಾಕಿದ್ದು, ಎಂದಳು ಅಬ್ರಹೆತ್ ಅತ್ತೆ,
ಕಾಫಿ ಹುರಿಯುತ್ತ, ತಲೆ ಎತ್ತದೆ.
ಕ್ಲಿಪ್ಪು ಕಾವು ಹೀರುತ್ತದೆ ಅಂದಿದ್ದರು ಯಾರೋ.
ಮದುವೆಯ ದಿನ ಮಸ್ಸಾವಾದಿಂದ
ಇದೇ ಕಾರು ನನ್ನನ್ನು ಹೊತ್ತು ಘಟ್ಟ ಹತ್ತಿತು.
ಗಿಂಡಾ ದಾಟಿದ ತಿರುವಿನಲ್ಲಿ ಕೆಮ್ಮಿ ನಿಂತಿತು.
ಪೆಟ್ರೋಲು ಪೈಪಿನೊಳಗೇ ಕುದಿದು ಹಬೆಯಾಗಿ
ಪಂಪು ಬರಿ ಗಾಳಿ ನುಂಗುತ್ತಿತ್ತಂತೆ.
ನನ್ನ ಬಿಳಿ ನೆತ್ಸೆಲಾ ಹೊದಿಕೆ ನೀರಲ್ಲಿ ಅದ್ದಿ
ಅದರ ಕತ್ತಿಗೆ ಸುತ್ತಿದರು.
ಆ ಎಣ್ಣೆ ಕಲೆ ಇವತ್ತಿಗೂ ಹೋಗಿಲ್ಲ.

ಎರಡು ತಾಸು ಬಂಡೆಯ ಮೇಲೆ ಕೂತೆವು.
ಅಲ್ಲಿಯವರೆಗೆ ಅವನ ದನಿ ಕೇಳಿರಲಿಲ್ಲ ನಾನು.
ಪಾಪಾಸುಕಳ್ಳಿ ಹಣ್ಣಿನ ಮುಳ್ಳು ಒರೆಸಿ ಒರೆಸಿ ಕೊಟ್ಟ,
ಕೊಡುವಾಗೆಲ್ಲ ಏನಾದರೂ ಹೇಳಿದ.
ಮೂರು ವರ್ಷಕ್ಕೆ, ಹೋರಾಟಕ್ಕೆಂದು
ಆ ಬೆಟ್ಟಗಳನ್ನೇ ಹತ್ತಿದ.
ಇಳಿಯಲಿಲ್ಲ.

ಅರ ತಿಕ್ಕುತ್ತಿದ್ದ ಹಬ್ತೋಮನ ಕೈ ನಿಂತಿತ್ತು.
ಆ ಪೈಪು ಕೂರಿಸಿದ್ದು ನಾನು, ಅಂದ.
ಇಟಲಿಯವನ ಗ್ಯಾರೇಜು. ಹದಿನೈದರ ಹುಡುಗ.
ಸೈಲೆನ್ಸರಿನ ಪಕ್ಕದಲ್ಲೇ ಎಳೆದುಬಿಟ್ಟೆ, ಹತ್ತಿರದ ದಾರಿ.
ಒಂದೂವರೆ ಮೊಳ ಉಳಿಯಿತು.
ಮಾರಿ, ಸಿನಿಮಾ ನೋಡಿದೆ.

ಬೀಜ ಚಿಟಿಚಿಟಿ ಸಿಡಿದವು.
ಅತ್ತೆ ಬಾಣಲೆಯನ್ನು ಕುಲುಕಿದಳು, ಇನ್ನೊಮ್ಮೆ ಕುಲುಕಿದಳು.
ಯಾವ ಸಿನಿಮಾ?
ನೆನಪಿಲ್ಲಮ್ಮ. ಕುದುರೆಗಳಿದ್ದವು.

ಇವತ್ತು ಅವನು ನನ್ನ ತಲೆಯ ಮೇಲೇ ಕೂತಿದ್ದಾನೆ.
ಬೆಂಕಿಯ ಕೊಳವೆಗೂ ಪೆಟ್ರೋಲಿನ ಪೈಪಿಗೂ ನಡುವೆ
ಎರಡು ಬೆರಳು ಜಾಗ, ಎನ್ನುತ್ತಾನೆ.
ನನ್ನ ಬೆರಳು ನೋಡಿ, ಮೂರು ಇಡು.
ಗೇಣಿಗೊಂದು ಪಟ್ಟಿ ಬಿಗಿ.
ಪಂಪಿನ ಹತ್ತಿರ ಒಂದು ಸುರುಳಿ ಬಿಡು,
ಎಂಜಿನ್ನು ನಡುಗುತ್ತದೆ, ಪೈಪಿಗೆ ನಡುಗಲು ಸಲಿಗೆ ಬೇಕು.
ಸುತ್ತಾದರೂ ಸರಿ, ಸುತ್ತಿಕೊಂಡೇ ಹೋಗು.

ಸಂಜೆಗೆ ಮುಗಿಯಿತು.
ಮರಳು ಕೊಡವಿ, ತೊಳೆದು, ಒಣಗಿಸಿ,
ಪಂಪಿನ ಕಡೆಯ ತುದಿಗೆ ಬಾಯಿಟ್ಟೆ.
ನಾಲಗೆಗೆ ತಾಮ್ರದ ಒಗರು.
ಹಿಂದೆ, ಡಿಕ್ಕಿಯ ಹತ್ತಿರ, ಅತ್ತೆ
ಇನ್ನೊಂದು ತುದಿಗೆ ಅಂಗೈ ಹಿಡಿದು ಬಗ್ಗಿದ್ದಳು.
ಊದಿದೆ.
ಎಲ್ಲ ತಿರುವುಗಳನ್ನೂ ಹಾದು ಹೋಗಲು
ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು
ಆಚೆಯಿಂದ ಸದ್ದಿಲ್ಲ.

ಬಂತು, ಅಂದಳು.
ಸ್ವಲ್ಪ ತಡೆದು, ಇನ್ನೊಮ್ಮೆ ಊದು, ಅಂದಳು.

ಹಬ್ತೋಮ್ ಸ್ಪ್ಯಾನರುಗಳನ್ನು ಎಣಿಸಿ ಡಬ್ಬಿಗೆ ಹಾಕಿದ.
ನಾಳೆ ಬ್ರೇಕು.